ಹಳೆಯ ಮೋಟಾರ್ ಸೈಕಲ್ಲಿನ ಕೀಲಿ: ತಿರುಗದಿದ್ದರೆ, ಮುರಿದರೆ, ಕಳೆದುಹೋದರೆ

ಹಳೆಯ ಮೋಟಾರ್ ಸೈಕಲ್ಲಿನ ಕೀಲಿ ಒಂದೇ ದಿನದಲ್ಲಿ ಕೈಕೊಡುವುದು ಅಪರೂಪ. ಮೊದಮೊದಲು ಸ್ವಲ್ಪ ಅಲ್ಲಾಡಿಸಬೇಕಾಗುತ್ತದೆ, ಆಮೇಲೆ ತುಸು ಹೊರಗೆಳೆದು ತಿರುಗಿಸಬೇಕಾಗುತ್ತದೆ, ಕೊನೆಗೊಂದು ಬೆಳಿಗ್ಗೆ ಅದು ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ಅಷ್ಟರಲ್ಲಿ ಎರಡನೆಯ ಕೀಲಿಯನ್ನು ಎಲ್ಲಿಟ್ಟೆವೆಂಬುದು ಮರೆತು ಎಷ್ಟೋ ವರ್ಷಗಳಾಗಿರುತ್ತವೆ.

ಕೀಲಿಯ ಅಂಚಿನಲ್ಲಿರುವುದು ಕೆಲವು ಅಳತೆಗಳ ಸಾಲು. ಆ ಅಳತೆ ಮೂರು ಕಡೆ ದಾಖಲಾಗಿರುತ್ತದೆ: ಕಾರ್ಖಾನೆ ಕೊಟ್ಟ ಕೀಲಿ ಸಂಖ್ಯೆಯಲ್ಲಿ, ಬೀಗದ ಒಳಗಿನ ಬಿಲ್ಲೆಗಳಲ್ಲಿ ಮತ್ತು ಕೀಲಿಯ ಮೇಲೆ. ಈ ಮೂರರಲ್ಲಿ ಎಂದೂ ಸವೆಯದಿರುವುದು ಸಂಖ್ಯೆ, ನಿಧಾನವಾಗಿ ಸವೆಯುವುದು ಬಿಲ್ಲೆ, ಎಲ್ಲಕ್ಕಿಂತ ಬೇಗ ಸವೆಯುವುದು ಕೀಲಿ. ಹಾಗಿದ್ದರೂ ನಕಲು ಬೇಕೆಂದಾಗ ನಾವು ಮೊದಲು ಕೈಗೆತ್ತಿಕೊಳ್ಳುವುದು ಸವೆದ ಆ ಕೀಲಿಯನ್ನೇ. ಇಲ್ಲಿ ಹೇಳಲಿರುವ ದೋಷಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಅಲ್ಲಿಂದ.

ಮುಂದಿನ ಮಾತುಗಳು ಅರ್ಥವಾಗಲು ಬೀಗದ ಒಳಗನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳುವುದು ಒಳ್ಳೆಯದು. ಬಹುಪಾಲು ಹಳೆಯ ಮೋಟಾರ್ ಸೈಕಲ್‌ಗಳಲ್ಲಿರುವುದು ಬಿಲ್ಲೆ ಬೀಗ. ಕೀಲಿ ಹೋಗುವ, ತಿರುಗುವ ಸಿಲಿಂಡರಿನಲ್ಲಿ ಹಿತ್ತಾಳೆಯ ಕೆಲವು ತೆಳು ಬಿಲ್ಲೆಗಳು ಸಾಲಾಗಿ ಕುಳಿತಿರುತ್ತವೆ. ಪ್ರತಿಯೊಂದರ ನಡುವೆ ಕೀಲಿ ತೂರುವಷ್ಟು ಆಯತಾಕಾರದ ಕಿಂಡಿ, ಪಕ್ಕದಲ್ಲಿ ಒಂದು ಪುಟ್ಟ ಸ್ಪ್ರಿಂಗ್. ಕೀಲಿ ಇಲ್ಲದಾಗ ಸ್ಪ್ರಿಂಗ್ ಬಿಲ್ಲೆಯನ್ನು ಹೊರಗೆ ತಳ್ಳಿ ಹೊರಕವಚದ ಕಾಲುವೆಯಲ್ಲಿ ಸಿಕ್ಕಿಸುತ್ತದೆ, ಹಾಗಾಗಿ ಸಿಲಿಂಡರು ತಿರುಗುವುದಿಲ್ಲ. ಸರಿಯಾದ ಕೀಲಿ ಒಳಹೊಕ್ಕಾಗ ಅದರ ಒಂದೊಂದು ಕಚ್ಚೂ ಒಂದೊಂದು ಬಿಲ್ಲೆಯನ್ನು ಸಿಲಿಂಡರಿನ ಮೈಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಒಂದು ಬಿಲ್ಲೆ ಹೆಚ್ಚೋ ಕಡಿಮೆಯೋ ಸರಿದು ನಿಂತರೂ ಬೀಗ ಬಿಡುವುದಿಲ್ಲ. ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಎತ್ತರಗಳಷ್ಟೇ ಇದ್ದು, ಒಂದಕ್ಕೂ ಮತ್ತೊಂದಕ್ಕೂ ಸುಮಾರು ಅರ್ಧ ಮಿಲಿಮೀಟರ್ ವ್ಯತ್ಯಾಸವಿರುತ್ತದೆ.

ಅಲ್ಲಾಡಿಸಿದರೆ ಮಾತ್ರ ಕೀಲಿ ತಿರುಗುತ್ತದೆ

ಇದು ಎಲ್ಲರಿಗೂ ಗೊತ್ತಿರುವ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಲಕ್ಷಣ. ಕಾರಣ ಮೂರರಲ್ಲಿ ಒಂದು: ಬೀಗದಲ್ಲಿ ಕೊಳೆ ತುಂಬಿದೆ, ಕೀಲಿ ಸವೆದಿದೆ ಅಥವಾ ಬಿಲ್ಲೆಗಳು ಸವೆದಿವೆ. ಖರ್ಚಿಲ್ಲದ ಪರೀಕ್ಷೆ ಎಂದರೆ ಹೆಚ್ಚು ಬಳಸದ ಇನ್ನೊಂದು ಮೂಲ ಕೀಲಿ ಇದ್ದರೆ ಅದನ್ನು ಹಾಕಿ ನೋಡುವುದು. ಅದು ಸಲೀಸಾಗಿ ತಿರುಗಿದರೆ ಬೀಗ ಚೆನ್ನಾಗಿದೆ, ದೋಷ ದಿನಬಳಕೆಯ ಕೀಲಿಯದು. ಎರಡೂ ಒಂದೇ ರೀತಿ ತಡವರಿಸಿದರೆ ಬೀಗದ ಕಡೆ ಗಮನ ಕೊಡಬೇಕು.

ಮೊದಲು ಶುಚಿ ಮಾಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಭದ್ರವಾಗಿರುವಾಗ, ಹತ್ತಿರ ಬೆಂಕಿಯಾಗಲಿ ಕಾದ ಎಂಜಿನ್ನಾಗಲಿ ಇಲ್ಲದಾಗ, ವಿದ್ಯುತ್ ಸಂಪರ್ಕಗಳನ್ನು ತೊಳೆಯುವ ಸ್ಪ್ರೇಯನ್ನು ತೆಳು ಕೊಳವೆಯ ಮೂಲಕ ಕೀಲಿಕಿಂಡಿಗೆ ಹಾಯಿಸಿ, ಕೀಲಿಯನ್ನು ಹತ್ತಿಪ್ಪತ್ತು ಬಾರಿ ಒಳಗೆ ಹೊರಗೆ ಆಡಿಸಿ, ಪ್ರತಿ ಸಲವೂ ಬಟ್ಟೆಯಲ್ಲಿ ಒರೆಸಿ. ಬಟ್ಟೆಯ ಮೇಲೆ ಕಪ್ಪು ಜಿಡ್ಡು ಬರುವುದು ನಿಲ್ಲುವ ತನಕ ಇದನ್ನು ಮಾಡಬೇಕು. ಎಣ್ಣೆ ಅಥವಾ ಗ್ರೀಸು ಹಾಕುವ ಅಭ್ಯಾಸವನ್ನು ಬಿಡಬೇಕು. ಆ ದಿನಕ್ಕೆ ಬೀಗ ಹಗುರಾದಂತೆ ಅನಿಸುತ್ತದೆ, ಆದರೆ ರಸ್ತೆಯ ಧೂಳು ಅದರಲ್ಲಿ ಕಲಸಿಕೊಂಡು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ಒಣಗಿದ ಮೇಲೆ ಟ್ಯಾಂಕ್ ಮುಚ್ಚಳ ಮತ್ತು ಸೀಟಿನ ಬೀಗಗಳಿಗೆ ಗ್ರಾಫೈಟ್ ಪುಡಿ ಹಾಕಬಹುದು. ಇಗ್ನಿಷನ್ ಸ್ವಿಚ್ಚಿಗೆ ಮಾತ್ರ ಬೇಡ: ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುವ ವಸ್ತು, ಬೀಗದ ಹಿಂದೆಯೇ ಸ್ವಿಚ್ಚಿನ ಸಂಪರ್ಕಗಳಿವೆ. ಅಲ್ಲಿ ಒಣಗುವ ಟೆಫ್ಲಾನ್ ಸ್ಪ್ರೇ ಸಾಕು.

ಶುಚಿಯಾದ ಮೇಲೂ ಅಲ್ಲಾಡಿಸಬೇಕಾದರೆ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ಕೀಲಿಯ ಕಚ್ಚುಗಳ ನಡುವಿನ ಏಣುಗಳು ಚೂಪಾಗಿರುತ್ತವೆ. ಸವೆದ ಕೀಲಿಯಲ್ಲಿ ಅವು ನದಿಯ ಕಲ್ಲಿನಂತೆ ದುಂಡಗಾಗಿರುತ್ತವೆ, ಮೇಲೆ ಬಳಿದಿದ್ದ ನಿಕ್ಕಲ್ ಹೋಗಿ ಹಿತ್ತಾಳೆಯ ಹಳದಿ ಕಾಣುತ್ತಿರುತ್ತದೆ. ಇಂಥ ಕೀಲಿಯಿಂದ ತೆಗೆದ ನಕಲು ಸವೆತವನ್ನೂ ಸೇರಿಸಿಕೊಂಡೇ ಬರುತ್ತದೆ, ಜೊತೆಗೆ ಯಂತ್ರದ ಅಲ್ಪಸ್ವಲ್ಪ ತಪ್ಪು ಬೇರೆ.

ಹೊಸ ನಕಲು ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ

ಕೀಲಿ ಪೂರ್ತಿ ಒಳಗೆ ಹೋಗುವುದೇ ಇಲ್ಲ ಎಂದಾದರೆ ಖಾಲಿ ಕೀಲಿಯೇ ತಪ್ಪು. ಕಚ್ಚು ಕತ್ತರಿಸುವ ಮುನ್ನ ಮಟ್ಟಸವಾಗಿರುವ ಖಾಲಿ ಕೀಲಿಯ ಮೈಮೇಲೆ ಉದ್ದಕ್ಕೆ ಗೀರುಗಳಿರುತ್ತವೆ. ಅವು ಬೀಗದ ಬಾಯಿಯ ಆಕಾರಕ್ಕೆ ತಾಳೆಯಾಗಬೇಕು. ಒಂದೇ ಕಂಪನಿಯ ಒಂದೇ ಮಾದರಿಯಲ್ಲಿಯೂ ಗೀರು ಎಡಕ್ಕಿರುವ ಮತ್ತು ಬಲಕ್ಕಿರುವ ಎರಡು ಬಗೆ ಇರುವುದು ಜಪಾನಿ ಬೈಕುಗಳಲ್ಲಿ ಸಾಮಾನ್ಯ. ಆದ್ದರಿಂದ ‘ಇಂಥ ಬೈಕಿನ ಕೀಲಿ ಕೊಡಿ’ ಎಂದು ಕೇಳಿ ತರುವುದಕ್ಕಿಂತ ಹಳೆಯ ಕೀಲಿಯ ತುದಿಯನ್ನು ನೇರವಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ಖಾಲಿ ಕೀಲಿಯ ತುದಿಯ ಜೊತೆ ಹೋಲಿಸುವುದು ಮೇಲು. ಬಲವಂತದಿಂದ ತೂರಿಸಿದರೆ ಮೊದಲ ಬಿಲ್ಲೆ ಬಾಗುತ್ತದೆ. ಆಮೇಲೆ ಮೂಲ ಕೀಲಿಯೂ ಕೆಲಸ ಮಾಡುವುದಿಲ್ಲ.

ಪೂರ್ತಿ ಒಳಗೆ ಹೋಗಿ ತಿರುಗದಿದ್ದರೆ ಕೂದಲೆಳೆಯಷ್ಟು ಹೊರಗೆಳೆದು ತಿರುಗಿಸಿ ನೋಡಿ. ಹಾಗೆ ತಿರುಗಿದರೆ ಕಚ್ಚುಗಳ ಆಳ ಸರಿಯಿದೆ, ಆದರೆ ಇಡೀ ಸಾಲು ತುದಿಯ ಕಡೆಗೆ ಜರುಗಿದೆ. ನಕಲು ಯಂತ್ರದ ಹಿಡಿಕೆಯಲ್ಲಿ ಎರಡು ಕೀಲಿಗಳ ಭುಜಗಳು (ತಲೆಯ ಬುಡದಲ್ಲಿ ಚಾಚಿರುವ ಅಂಚು) ಒಂದೇ ಗೆರೆಯಲ್ಲಿ ಕೂರದಿದ್ದಾಗ ಆಗುವ ತಪ್ಪು ಇದು. ಅರದಿಂದ ತಿದ್ದಿ ಸರಿಪಡಿಸಲು ಬರುವುದಿಲ್ಲ, ಹೊಸದಾಗಿಯೇ ಕತ್ತರಿಸಬೇಕು. ‘ಸ್ವಲ್ಪ ಎಳೆದು ತಿರುಗಿಸಿದರಾಯಿತು’ ಎಂದು ಹೊಂದಿಕೊಂಡು ಹೋಗುವವರೇ ಹೆಚ್ಚು. ಆದರೆ ಹಾಗೆ ಪ್ರತಿದಿನ ಓರೆಯಾಗಿ ತಿಕ್ಕುವ ಕೀಲಿ ಬೀಗದ ಬಿಲ್ಲೆಗಳನ್ನು ತನ್ನ ತಪ್ಪಿಗೆ ಹೊಂದುವಂತೆ ಸವೆಸುತ್ತದೆ.

ಎಷ್ಟು ಎಳೆದರೂ ತಳ್ಳಿದರೂ ತಿರುಗದಿದ್ದರೆ ಆಳದ ತಪ್ಪು. ಇಲ್ಲಿ ಎರಡು ಸಾಧ್ಯತೆ. ಕಚ್ಚು ಸಾಕಷ್ಟು ಆಳವಾಗಿಲ್ಲದಿದ್ದರೆ, ಅಂದರೆ ಲೋಹ ಹೆಚ್ಚಿದ್ದರೆ, ನುರಿತವರು ಅರದಿಂದ ಎರಡು ಗೀಟು ಎಳೆದು ಸರಿಮಾಡಬಲ್ಲರು. ಹೆಚ್ಚು ಆಳವಾಗಿ ಹೋಗಿದ್ದರೆ ಆ ಕೀಲಿಯನ್ನು ಎಸೆಯಬೇಕು, ಹೋದ ಲೋಹ ಮರಳಿ ಬಾರದು.

ಸವೆದ ಕೀಲಿಯೊಂದೇ ಗತಿ ಎಂದಾದಾಗ ಉಪಯೋಗಕ್ಕೆ ಬರುವುದು ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್. ಪ್ರತಿ ಕಚ್ಚಿನ ತಳದಿಂದ ಎದುರಿನ ಅಂಚಿನವರೆಗಿನ ಅಗಲವನ್ನು ಅಳೆದು ಬರೆದುಕೊಳ್ಳಿ. ಉದಾಹರಣೆಗೆ ಆ ಬೀಗದ ಮೆಟ್ಟಿಲುಗಳು, ಅಂದರೆ ಕಚ್ಚುಗಳ ನಿಗದಿತ ಅಳತೆಗಳು, 7.0, 7.5, 8.0 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ; ನಿಮ್ಮ ಅಳತೆ 7.3 ಬಂದರೆ ಅದು ಮೂಲದಲ್ಲಿ 7.5 ಆಗಿತ್ತೇ ಹೊರತು 7.0 ಅಲ್ಲ, ಏಕೆಂದರೆ ಲೋಹ ಸವೆಯುತ್ತದೆ, ಬೆಳೆಯುವುದಿಲ್ಲ. ಹೀಗೆ ಪ್ರತಿ ಅಳತೆಯನ್ನೂ ಮೇಲಿನ ಮೆಟ್ಟಿಲಿಗೆ ಏರಿಸಿ ಕತ್ತರಿಸಿದ ಕೀಲಿ ಸವೆದ ಕೀಲಿಗಿಂತ ಚೆನ್ನಾಗಿ ತಿರುಗುತ್ತದೆ. ಎರಡೂ ಅಂಚಿನಲ್ಲಿ ಕಚ್ಚುಗಳಿರುವ ಕೀಲಿಯಲ್ಲಿ ಈ ಅಳತೆ ಕಷ್ಟ, ಅದನ್ನು ಕೀಲಿ ಕೆಲಸದವರಿಗೆ ಬಿಡುವುದೇ ಸರಿ. ಅಲ್ಯೂಮಿನಿಯಂ ಖಾಲಿ ಕೀಲಿಗಳನ್ನು ಇಗ್ನಿಷನ್ನಿಗೆ ಒಪ್ಪಬೇಡಿ. ಅವು ಬೇಗ ಸವೆಯುತ್ತವೆ ಮತ್ತು ಬೀಗದೊಳಗೇ ಮುರಿಯುತ್ತವೆ.

ಇಗ್ನಿಷನ್ನಿನಲ್ಲಿ ತಿರುಗುತ್ತದೆ, ಟ್ಯಾಂಕ್ ಮುಚ್ಚಳದಲ್ಲಿ ತಿರುಗುವುದಿಲ್ಲ

ಹಳೆಯ ಬೈಕು ಕೈ ಬದಲಾಯಿಸುತ್ತ ಬಂದಿರುತ್ತದೆ. ನಡುವೆ ಯಾರೋ ಒಬ್ಬರು ಟ್ಯಾಂಕ್ ಮುಚ್ಚಳವನ್ನೋ ಇಗ್ನಿಷನ್ ಸ್ವಿಚ್ಚನ್ನೋ ಬದಲಿಸಿರಬಹುದು. ಇನ್ನು ಕೆಲವು ಹಳೆಯ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಇಗ್ನಿಷನ್ನಿಗೊಂದು, ಹ್ಯಾಂಡಲ್ ಲಾಕಿಗೊಂದು, ಪಕ್ಕದ ಡಬ್ಬಿಗೊಂದು ಎಂದು ಬೇರೆ ಬೇರೆ ಕೀಲಿ ಬರುತ್ತಿತ್ತು. ಎರಡು ಬೀಗಗಳ ಬಾಯಿಯ ಆಕಾರ ಬೇರೆಯಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಒಂದೇ ಕೀಲಿ ಎರಡಕ್ಕೂ ಆಗುವುದಿಲ್ಲ.

ಆಕಾರ ಒಂದೇ ಆಗಿದ್ದು, ಒಂದರಲ್ಲಿ ತಿರುಗಿ ಇನ್ನೊಂದರಲ್ಲಿ ತಿರುಗದಿದ್ದರೆ ಯಾವುದರಲ್ಲಿ ತಿರುಗುತ್ತದೆ ಎಂಬುದು ಮುಖ್ಯ. ಟ್ಯಾಂಕ್ ಮುಚ್ಚಳ ಮತ್ತು ಹೆಲ್ಮೆಟ್ ಬೀಗಗಳಲ್ಲಿ ಇಗ್ನಿಷನ್ನಿಗಿಂತ ಒಂದೆರಡು ಬಿಲ್ಲೆ ಕಡಿಮೆ ಇರುವುದುಂಟು. ಹಾಗಾಗಿ ಮುಚ್ಚಳ ತೆಗೆಯುವ ಕೀಲಿ ಇಗ್ನಿಷನ್ನಿನಲ್ಲಿ ನಿಂತರೆ, ಮುಚ್ಚಳದಲ್ಲಿ ಇಲ್ಲದ ಆ ಬಿಲ್ಲೆಗಳ ಕಚ್ಚುಗಳಲ್ಲಿ ತಪ್ಪಿದೆ ಎಂದು ಊಹಿಸಬಹುದು. ಅದೇ ಇಗ್ನಿಷನ್ನಿನಲ್ಲಿ ತಿರುಗುವ ಕೀಲಿ ಮುಚ್ಚಳದಲ್ಲಿ ನಿಂತರೆ ಸಾಮಾನ್ಯವಾಗಿ ಮುಚ್ಚಳದ ಬೀಗವೇ ತುಕ್ಕು ಹಿಡಿದಿರುತ್ತದೆ ಅಥವಾ ಬದಲಾಗಿರುತ್ತದೆ. ಮಳೆನೀರು ನೇರವಾಗಿ ಬೀಳುವ ಬೀಗ ಅದು. ಮುಚ್ಚಳ ತೆಗೆಯಲು ಸುತ್ತಿಗೆ, ಡ್ರಿಲ್, ಬಿಸಿ ಗಾಳಿ, ಇವು ಯಾವುವನ್ನೂ ಬಳಸಬಾರದು. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದರಲ್ಲಿ ತುಂಬಿರುವುದು ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ. ತುಕ್ಕು ಸಡಿಲಿಸುವ ಸ್ಪ್ರೇ ಹಾಕಿ ಒಂದು ರಾತ್ರಿ ಬಿಟ್ಟು ಮತ್ತೆ ಪ್ರಯತ್ನಿಸಿ. ಅದಕ್ಕೂ ಜಗ್ಗದಿದ್ದರೆ ಕೆಲಸ ತಿಳಿದವರನ್ನು ಕರೆಸಿ.

ಕೀಲಿ ಸಲೀಸಾಗಿ ತಿರುಗುತ್ತದೆ, ಆದರೆ ದೀಪವೂ ಇಲ್ಲ, ಸದ್ದೂ ಇಲ್ಲ

ಹೊಸ ಕೀಲಿ ಮಾಡಿಸಿಕೊಂಡು ಬಂದವರನ್ನು ಅತಿ ಹೆಚ್ಚು ದಿಕ್ಕುತಪ್ಪಿಸುವ ಲಕ್ಷಣ ಇದು, ಏಕೆಂದರೆ ಬೈದುಕೊಳ್ಳುವುದು ಕೀಲಿಯನ್ನು. ಕೀಲಿ ಸಿಲಿಂಡರನ್ನು ಪೂರ್ತಿ ತಿರುಗಿಸಿತು ಎಂದರೆ ಕೀಲಿಯ ಕೆಲಸ ಮುಗಿಯಿತು. ಇದಕ್ಕೊಂದೇ ಅಪವಾದ, ಕೀಲಿಯ ತಲೆಯಲ್ಲಿ ಚಿಪ್ ಇರುವ ಬೈಕು. ಅದರ ಮಾತು ಮುಂದೆ ಬರುತ್ತದೆ.

ಬ್ಯಾಟರಿಯ ವೋಲ್ಟೇಜ್ ಮತ್ತು ಫ್ಯೂಸ್ ನೋಡಿ. ಎರಡೂ ಸರಿಯಿದ್ದರೆ ಕೀಲಿಯನ್ನು ಆನ್ ಸ್ಥಾನದಲ್ಲಿಟ್ಟು ಮೆಲ್ಲಗೆ ಎಡಬಲ ಒತ್ತಿ. ದೀಪ ಮಿನುಗಿದರೆ ಸ್ವಿಚ್ಚಿನ ಒಳಸಂಪರ್ಕ ಕೊಳೆಯಾಗಿದೆ ಅಥವಾ ಹಿಂದಿನ ವೈರು ಬಿಟ್ಟುಕೊಂಡಿದೆ. ಅನೇಕ ಬೈಕುಗಳಲ್ಲಿ ಸ್ವಿಚ್ಚಿನ ವಿದ್ಯುತ್ ಭಾಗ ಬೀಗದ ಹಿಂದೆ ಸ್ಕ್ರೂಗಳಿಂದಲೋ ಒತ್ತು ನಾಲಿಗೆಗಳಿಂದಲೋ ಕೂತಿರುತ್ತದೆ, ಬೀಗವನ್ನು ಮುಟ್ಟದೆ ಅದೊಂದನ್ನೇ ಬಿಚ್ಚಿ ಶುಚಿಮಾಡಬಹುದು.

ಮಲ್ಟಿಮೀಟರ್ ಇದ್ದರೆ ಅನುಮಾನಕ್ಕೆ ಎಡೆಯೇ ಇಲ್ಲ. ಬ್ಯಾಟರಿಯ ಋಣ ತುದಿಯನ್ನು ಕಳಚಿ, ಸ್ವಿಚ್ಚಿನ ಕನೆಕ್ಟರನ್ನು ಬಿಡಿಸಿ, ಸ್ವಿಚ್ಚಿನ ಕಡೆಯ ವೈರುಗಳ ನಡುವೆ ಪ್ರತಿರೋಧ ಅಳೆಯಿರಿ. ಬ್ಯಾಟರಿಯಿಂದ ಬರುವ ವೈರು ಮತ್ತು ಆನ್ ಆದಾಗ ವಿದ್ಯುತ್ ಪಡೆಯುವ ವೈರು ಹಳೆಯ ಹೋಂಡಾಗಳಲ್ಲಿ ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು, ಯಮಹಾಗಳಲ್ಲಿ ಕೆಂಪು ಮತ್ತು ಕಂದು, ಸುಜುಕಿಗಳಲ್ಲಿ ಕೆಂಪು ಮತ್ತು ಕಿತ್ತಳೆ, ಕವಾಸಾಕಿಗಳಲ್ಲಿ ಬಿಳಿ ಮತ್ತು ಕಂದು. ಆದರೂ ನಿಮ್ಮ ಮಾದರಿಯ ವೈರಿಂಗ್ ನಕ್ಷೆಯೇ ಅಂತಿಮ. ಕೀಲಿ ಆನ್ ಇರುವಾಗ ಈ ಎರಡರ ನಡುವೆ ಮೀಟರಿನ ಓದು ಸೊನ್ನೆಗೆ ತೀರ ಹತ್ತಿರವಿರಬೇಕು. ಕೆಲವು ಓಮ್ ತೋರಿಸಿದರೆ, ಅಥವಾ ಓದು ಕುಣಿಯುತ್ತಿದ್ದರೆ, ಸಂಪರ್ಕ ಸವೆದಿದೆ. 6 ವೋಲ್ಟಿನ ಹಳೆಯ ಬೈಕುಗಳಲ್ಲಿ ಇಂಥ ಸಣ್ಣ ನಷ್ಟವೂ ದೊಡ್ಡ ತೊಂದರೆ: ಅರ್ಧ ವೋಲ್ಟ್ ಸ್ವಿಚ್ಚಿನಲ್ಲೇ ಕರಗಿದರೆ ದೀಪ ಮಂಕಾಗುತ್ತದೆ, ಕಿಡಿ ಸೊರಗುತ್ತದೆ.

ಇನ್ನೊಂದು ಸಂಗತಿ. ಮ್ಯಾಗ್ನೆಟೊ (ಎಂಜಿನ್ನಿನ ತಿರುಗುವಿಕೆಯಿಂದಲೇ ಕಿಡಿಗೆ ವಿದ್ಯುತ್ ಮಾಡಿಕೊಳ್ಳುವ ಸಾಧನ) ಅಥವಾ ಬ್ಯಾಟರಿ ಬೇಡದ ಸಿಡಿಐ (ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುವ ಬೈಕುಗಳಲ್ಲಿ ಸ್ವಿಚ್ಚು ಕಿಡಿಗೆ ವಿದ್ಯುತ್ ಕೊಡುವುದಿಲ್ಲ. ಆಫ್ ಮಾಡಿದಾಗ ಒಂದು ವೈರನ್ನು ಬೈಕಿನ ಲೋಹದ ಮೈಗೆ (ಅರ್ಥ್) ಜೋಡಿಸಿ ಕಿಡಿಯನ್ನು ನಿಲ್ಲಿಸುತ್ತದೆ. ಅಲ್ಲಿ ಸ್ವಿಚ್ ಕೆಟ್ಟರೆ ಕೀಲಿ ತೆಗೆದರೂ ಎಂಜಿನ್ ನಿಲ್ಲದಿರುವುದು ಒಂದು ಲಕ್ಷಣ, ಕೀಲಿ ಆನ್ ಇದ್ದರೂ ಕಿಡಿ ಬಾರದಿರುವುದು ಇನ್ನೊಂದು. ಪ್ಲಾಟಿನಂ ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಂಪರ್ಕ) ಮತ್ತು ಬ್ಯಾಟರಿ ಕಾಯಿಲ್ ಇರುವ ಬೈಕಿನಲ್ಲಿ ಮಾತ್ರ, ಪರೀಕ್ಷೆ ಮಾಡುತ್ತ ಕೀಲಿಯನ್ನು ಬಹಳ ಹೊತ್ತು ಆನ್ ಇಟ್ಟು ಮರೆಯಬೇಡಿ. ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ.

ಎಂಜಿನ್ ಓಡುತ್ತಿರುವಾಗಲೇ ಕೀಲಿ ಹೊರಬರುತ್ತದೆ

ತಮಾಷೆಗೆ ಸ್ನೇಹಿತರಿಗೆ ತೋರಿಸುವಂಥದ್ದಾದರೂ ಇದು ಬೀಗ ಸಾಕಷ್ಟು ಸವೆದಿದೆ ಎನ್ನುವ ಸೂಚನೆ. ತಿರುಗಿದ ಸ್ಥಿತಿಯಲ್ಲಿ ಬಿಲ್ಲೆಗಳು ಕೀಲಿಯನ್ನು ಹಿಡಿದಿಟ್ಟುಕೊಳ್ಳಬೇಕು. ಹಿಡಿಯುತ್ತಿಲ್ಲವೆಂದರೆ ಏಣುಗಳು ದುಂಡಗಾಗಿವೆ. ಹೊಸದಾಗಿ, ಸಂಖ್ಯೆಯಿಂದ ಕತ್ತರಿಸಿದ ಕೀಲಿಯನ್ನು ಹಾಕಿ ನೋಡಿ. ಅದೂ ಹೊರಬಂದರೆ ಬಿಲ್ಲೆಗಳನ್ನು ಅಥವಾ ಇಡೀ ಬೀಗವನ್ನು ಬದಲಿಸುವ ಕಾಲ ಬಂದಿದೆ. ಹತ್ತಾರು ಕೀಲಿಗಳ ಗೊಂಚಲನ್ನು ಇಗ್ನಿಷನ್ನಿಗೆ ನೇತುಹಾಕಿಕೊಂಡು ಓಡಿಸುವುದು ಈ ಸವೆತಕ್ಕೆ ದೊಡ್ಡ ಕಾರಣ. ಪ್ರತಿ ಗುಂಡಿಯಲ್ಲೂ ಆ ಭಾರ ಸಿಲಿಂಡರನ್ನು ಜಗ್ಗುತ್ತದೆ.

ಇದೇ ಬೀಗದಲ್ಲಿ ಹ್ಯಾಂಡಲ್ ಲಾಕ್ ಕೂಡ ಇದ್ದರೆ ವಿಷಯ ಗಂಭೀರ. ಓಡುವಾಗ ಲಾಕಿನ ಕಡ್ಡಿ ಹೊರಚಾಚಿದರೆ ಹ್ಯಾಂಡಲ್ ತಿರುಗುವುದಿಲ್ಲ. ಬೈಕನ್ನು ಮುಖ್ಯ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೀಲಿ ಆನ್ ಇರುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ಹತ್ತು ಬಾರಿ ತಿರುಗಿಸಿ. ಎಲ್ಲಾದರೂ ಒಮ್ಮೆ ತಟ್ಟಿದಂತೆ ಅನಿಸಿದರೂ ರಿಪೇರಿಯಾಗುವವರೆಗೆ ಆ ಬೈಕನ್ನು ರಸ್ತೆಗೆ ಇಳಿಸಬಾರದು.

ಕೀಲಿ ಬೀಗದೊಳಗೇ ಮುರಿದಿದೆ

ಕೈಯಲ್ಲಿ ಉಳಿದ ತುಂಡನ್ನು ಎಸೆಯಬೇಡಿ. ಎರಡು ತುಂಡು ಸಿಕ್ಕರೆ ಅವನ್ನು ಜೋಡಿಸಿ ಅಳತೆ ತೆಗೆದು ಹೊಸ ಕೀಲಿ ಮಾಡಬಹುದು. ಮುರಿದ ತುದಿಗೆ ಅಂಟು ಹಚ್ಚಿ ಉಳಿದರ್ಧವನ್ನು ಸೇರಿಸಿ ಎಳೆಯುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಟು ಕೀಲಿಗಿಂತ ಮೊದಲು ಬಿಲ್ಲೆಗಳಿಗೆ ಹಿಡಿಯುತ್ತದೆ. ಆ ಬೀಗವನ್ನು ಆಮೇಲೆ ಯಾರೂ ಉಳಿಸಲಾರರು.

ಸಿಲಿಂಡರು ಯಾವ ಸ್ಥಾನದಲ್ಲಿದೆ ಎಂದು ನೋಡಿ. ಕೀಲಿ ಹೊರತೆಗೆಯುವ ಸ್ಥಾನದಲ್ಲಿ, ಅಂದರೆ ಬಾಯಿ ಆಫ್ ಗೆರೆಗೆ ನೇರವಾಗಿದ್ದರೆ ಮಾತ್ರ ತುಂಡು ಹೊರಬರುತ್ತದೆ. ಅರ್ಧ ತಿರುಗಿ ನಿಂತಿದ್ದರೆ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಂದ ಬಾಯಿಯನ್ನು ಮೆಲ್ಲನೆ ಆಫ್ ಸ್ಥಾನಕ್ಕೆ ತನ್ನಿ. ತುಂಡು ಒಳಗೇ ಇರುವುದರಿಂದ ಬಿಲ್ಲೆಗಳು ಇನ್ನೂ ಸರಿಯಾದ ಎತ್ತರದಲ್ಲಿವೆ, ಸಿಲಿಂಡರು ತಿರುಗುತ್ತದೆ. ಸ್ವಲ್ಪ ಸ್ಪ್ರೇ ಹಾಕಿ. ತುಂಡಿನ ಅಂಚು ಹೊರಗೆ ಕಾಣುತ್ತಿದ್ದರೆ ಚೂಪು ಚಿಮಟದಿಂದ ಹಿಡಿಯಬಹುದು. ಒಳಗಿದ್ದರೆ ಮರ ಕೊರೆಯುವ ತೆಳು ಗರಗಸದ ಬ್ಲೇಡನ್ನು, ಹಲ್ಲುಗಳು ನಿಮ್ಮ ಕಡೆಗೆ ಬಾಗಿರುವಂತೆ, ಕಚ್ಚುಗಳಿರುವ ಅಂಚಿನ ಮೇಲೆ ಜಾರಿಸಿ, ಸ್ವಲ್ಪ ಒತ್ತಿ ಎಳೆಯಿರಿ. ಒಂದೊಂದು ಎಳೆತಕ್ಕೂ ತುಂಡು ಒಂದು ಕೂದಲಷ್ಟು ಹೊರಬರುತ್ತದೆ. ಹತ್ತು ನಿಮಿಷ ಪ್ರಯತ್ನಿಸಿ; ತುಂಡು ಇನ್ನಷ್ಟು ಒಳಗೆ ಹೋಗುತ್ತಿದೆ ಅನಿಸಿದ ಕೂಡಲೇ ನಿಲ್ಲಿಸಿ. ಕೀಲಿ ಕೆಲಸದವರ ಬಳಿ ಇದಕ್ಕೆಂದೇ ಕೊಕ್ಕೆಗಳಿರುತ್ತವೆ.

ಚೆನ್ನಾಗಿದ್ದ ಕೀಲಿ ಸುಮ್ಮನೆ ಮುರಿಯುವುದಿಲ್ಲ ಎಂಬುದೂ ನೆನಪಿರಲಿ. ಬೀಗ ಬಿಗಿಯಾಗಿತ್ತು, ಬಲ ಹಾಕಿದ್ದಿರಿ, ಆದ್ದರಿಂದ ಮುರಿಯಿತು. ಹೊಸ ಕೀಲಿಯ ಜೊತೆಗೆ ಬೀಗವನ್ನೂ ಶುಚಿಮಾಡಿಸದಿದ್ದರೆ ಅದೂ ಹಾಗೆಯೇ ಮುರಿಯುತ್ತದೆ.

ಒಂದು ಕೀಲಿಯೂ ಇಲ್ಲ

ಈಗ ಸಂಖ್ಯೆಯನ್ನು ಹುಡುಕಬೇಕು. ಹೊಸ ಬೈಕಿನ ಜೊತೆ ಬಂದ ಕೀಲಿಗಳಿಗೆ ಕಟ್ಟಿದ್ದ ಸಣ್ಣ ಲೋಹದ ತಗಡು, ಹಳೆಯ ಕೈಪಿಡಿಯ ಒಳಪುಟದಲ್ಲಿ ಮೊದಲ ಮಾಲೀಕರು ಬರೆದಿಟ್ಟ ಟಿಪ್ಪಣಿ, ಮೂಲ ಕೀಲಿಯ ತಲೆ, ಬೀಗದ ಮುಖ ಅಥವಾ ಪಕ್ಕ, ಇವೇ ಸಂಖ್ಯೆ ಇರುವ ಜಾಗಗಳು. ಹಿಂದಿನ ಮಾಲೀಕರನ್ನು ಕೇಳಲು ಸಂಕೋಚ ಬೇಡ. ಬೈಕು ಮಾರಿದ ಮೇಲೂ ಎರಡನೆಯ ಕೀಲಿ ಅವರ ಮೇಜಿನ ಡ್ರಾಯರಿನಲ್ಲಿ ಉಳಿದಿರುವುದು ಅಪರೂಪವಲ್ಲ. ಬೀಗದ ಪಕ್ಕದಲ್ಲಿ ಒತ್ತಿದ ಸಂಖ್ಯೆ ಬೀಗವನ್ನು ಹೊರತೆಗೆದಾಗ ಮಾತ್ರ ಕಾಣುತ್ತದೆ. ಬಿಚ್ಚಲು ಸುಲಭವಾದ ಹೆಲ್ಮೆಟ್ ಬೀಗದಿಂದಲೋ ಸೀಟಿನ ಬೀಗದಿಂದಲೋ ಆರಂಭಿಸಿ. ಬ್ರಷ್ಷಿನಿಂದ ಉಜ್ಜಿ, ಓರೆಯಾಗಿ ಟಾರ್ಚ್ ಬೆಳಕು ಬಿಟ್ಟರೆ ಮಾಸಿದ ಅಂಕಿಯೂ ಎದ್ದು ಕಾಣುತ್ತದೆ. ಬಣ್ಣ ಬಳಿದು ಮುಚ್ಚಿಹೋಗಿದ್ದರೆ ಕೆರೆಯಬೇಡಿ, ಬಣ್ಣ ಕರಗಿಸುವ ದ್ರಾವಣ ಹಚ್ಚಿ ಒರೆಸಿ.

ಲೂಕಾಸ್ ಕಂಪನಿಯ ಸ್ವಿಚ್ಚುಗಳಿರುವ ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಎಫ್‌ಎ, ಎಫ್‌ಎಸ್ ಎಂಬಂಥ ಅಕ್ಷರಗಳ ಮುಂದೆ ಮೂರಂಕಿಯ ಸಂಖ್ಯೆ ಇರುತ್ತದೆ. ಆ ಸರಣಿಯ ಕೀಲಿಗಳು ಸಂಖ್ಯೆ ಹೇಳಿದರೆ ಸಿದ್ಧವಾಗಿಯೇ ಸಿಗುತ್ತವೆ. 1950 ಮತ್ತು 60ರ ದಶಕಗಳ ಬಿಎಂಡಬ್ಲ್ಯುಗಳಲ್ಲಿ ಹೆಡ್‌ಲೈಟಿನ ಮೇಲೆ ಚುಚ್ಚುವ ಮೊಳೆಯಂಥ ಕೀಲಿಗೆ ಕಚ್ಚುಗಳೇ ಇಲ್ಲ, ಎಲ್ಲ ಬೈಕಿಗೂ ಒಂದೇ. ಮ್ಯಾಗ್ನೆಟೊ ಕಾಲದ ಕೆಲವು ಬೈಕುಗಳಿಗೆ ಇಗ್ನಿಷನ್ ಕೀಲಿ ಎಂಬುದೇ ಇರಲಿಲ್ಲ. ಅವು ಸ್ಟಾರ್ಟ್ ಆಗದಿರಲು ಕಾರಣ ಬೇರೆ.

ಸಂಖ್ಯೆ ಎಲ್ಲೂ ಸಿಗದಿದ್ದರೆ ಉಳಿದದ್ದು ಬಿಲ್ಲೆಗಳ ಸಾಕ್ಷ್ಯ. ಬಿಚ್ಚಲು ಬರುವ ಬೀಗವೊಂದನ್ನು ಕಳಚಿ ಸಿಲಿಂಡರನ್ನು ಹೊರತೆಗೆದರೆ, ಬಿಲ್ಲೆಗಳ ಮೇಲೆ ಎಷ್ಟೋ ಬಾರಿ 1, 2, 3 ಎಂದು ಎತ್ತರದ ಅಂಕಿಯೇ ಒತ್ತಿರುತ್ತದೆ. ಬಾಯಿಯ ಕಡೆಯಿಂದ ತುದಿಯ ಕಡೆಗೆ ಸಾಲಾಗಿ ಬರೆದುಕೊಳ್ಳಬೇಕು. ಈ ಕೆಲಸವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮಾಡಿ. ಹಾರಿಹೋದ ಸ್ಪ್ರಿಂಗನ್ನು ನೆಲದ ಮೇಲೆ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಆ ಬೀಗದಲ್ಲಿ ಇಗ್ನಿಷನ್ನಿಗಿಂತ ಒಂದು ಬಿಲ್ಲೆ ಕಡಿಮೆ ಇದ್ದು, ಎತ್ತರಗಳು ನಾಲ್ಕಾದರೆ, ನಾಲ್ಕು ಕೀಲಿ ಕತ್ತರಿಸಿದರೆ ಅವುಗಳಲ್ಲೊಂದು ಇಗ್ನಿಷನ್ನಿಗೆ ಸರಿಹೊಂದಬೇಕು. ಎರಡು ಕಡಿಮೆ ಇದ್ದರೆ ಹದಿನಾರು ಸಾಧ್ಯತೆ, ಆಗ ಇಗ್ನಿಷನ್ ಬೀಗವನ್ನೇ ಬಿಚ್ಚುವುದು ಲೇಸು.

ಬೀಗವನ್ನು ಬಿಚ್ಚದೆಯೇ ಕೀಲಿ ಮಾಡುವ ಕೈಚಳಕವೂ ಇದೆ. ನುರಿತವರು ಖಾಲಿ ಹಿತ್ತಾಳೆ ಕೀಲಿಯ ಅಂಚನ್ನು ಅರದಿಂದ ನಯಮಾಡಿ, ಬೀಗಕ್ಕೆ ಹಾಕಿ, ಹಗುರವಾಗಿ ತಿರುಗಿಸಿ ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ಸಿಕ್ಕಿಕೊಂಡ ಬಿಲ್ಲೆ ಒತ್ತಿದ ಜಾಗದಲ್ಲಿ ಸಾಸಿವೆಗಿಂತ ಸಣ್ಣದೊಂದು ಗುರುತು ಮೂಡಿರುತ್ತದೆ. ಅಲ್ಲಿ ಎರಡು ಬಾರಿ ಅರ ಆಡಿಸಿ ಮತ್ತೆ ಹಾಕುತ್ತಾರೆ. ಎತ್ತರ ಸರಿಯಾದ ಕಡೆ ಗುರುತು ಮೂಡುವುದು ನಿಲ್ಲುತ್ತದೆ. ಎಲ್ಲ ಗುರುತುಗಳೂ ನಿಂತ ಕ್ಷಣಕ್ಕೆ ಬೀಗ ತಿರುಗುತ್ತದೆ. ನೋಡಲು ಸುಲಭ, ಮಾಡಲು ಅಲ್ಲ. ಯಾವ ದಾರಿ ಹಿಡಿದರೂ ವಾಹನದ ಮಾಲೀಕತ್ವದ ದಾಖಲೆಯನ್ನು ಜೊತೆಗೆ ಒಯ್ಯಿರಿ. ಅದನ್ನು ಕೇಳದೆ ಕೀಲಿ ಮಾಡಿಕೊಡುವವರ ಬಗ್ಗೆ ನನಗೆ ನಂಬಿಕೆ ಕಡಿಮೆ.

ಇಡೀ ಬೀಗದ ಸೆಟ್ಟನ್ನೇ ಬದಲಿಸುವುದು ಕೊನೆಯ ದಾರಿ. ಹಾಗೆ ಮಾಡುವಾಗ ಹೊಸ ಸ್ವಿಚ್ಚಿನ ಕನೆಕ್ಟರಿನ ಆಕಾರವನ್ನಷ್ಟೇ ನೋಡದೆ ವೈರುಗಳ ಬಣ್ಣ ಮತ್ತು ಸ್ಥಾನಗಳನ್ನು ಹಳೆಯದರ ಜೊತೆ ತಾಳೆ ನೋಡಿ. ಇಗ್ನಿಷನ್ ಸ್ವಿಚ್ಚನ್ನು ಕೂರಿಸುವ ಬೋಲ್ಟುಗಳ ತಲೆ ಕೆಲವು ಬೈಕುಗಳಲ್ಲಿ ಬಿಗಿದ ಮೇಲೆ ಮುರಿದು ಹೋಗುವಂಥದ್ದು, ಕಳ್ಳರಿಗೆ ಬಿಚ್ಚಲು ಬಾರದಿರಲೆಂದು. ಅದನ್ನು ಡ್ರಿಲ್ ಮಾಡಿ ತೆಗೆಯುವ ಕೆಲಸ ಟ್ಯಾಂಕಿನ ಪಕ್ಕದಲ್ಲೇ ನಡೆಯುವುದರಿಂದ ಮೊದಲು ಟ್ಯಾಂಕನ್ನು ಬಿಚ್ಚಿ ದೂರ ಇಡಬೇಕು, ಬ್ಯಾಟರಿ ಕಳಚಿರಬೇಕು. ಇದನ್ನು ವರ್ಕ್‌ಶಾಪಿಗೆ ಬಿಡಿ ಎಂಬುದೇ ನನ್ನ ಸಲಹೆ.

ಕೀಲಿ ತಿರುಗುತ್ತದೆ, ದೀಪ ಬರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ

1990ರ ದಶಕದ ಕೊನೆಯಿಂದೀಚಿನ ಕೆಲವು ಬೈಕುಗಳಲ್ಲಿ ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿಯಿಲ್ಲದ ಚಿಪ್ ಇರುತ್ತದೆ. ಸ್ವಿಚ್ಚಿನ ಸುತ್ತಲಿನ ಸುರುಳಿ ಅದನ್ನು ಓದಿ, ಪರಿಚಯದ ಕೀಲಿಯಾದರೆ ಮಾತ್ರ ಎಂಜಿನ್ ಓಡಲು ಬಿಡುತ್ತದೆ. ಕಚ್ಚುಗಳನ್ನು ಮಾತ್ರ ನಕಲು ಮಾಡಿದ ಕೀಲಿ ಇಲ್ಲಿ ಸೀಟು ತೆಗೆಯುತ್ತದೆ, ಟ್ಯಾಂಕ್ ತೆಗೆಯುತ್ತದೆ, ಎಂಜಿನ್ ಓಡಿಸುವುದಿಲ್ಲ. ಹೋಂಡಾದ ಎಚ್‌ಐಎಸ್‌ಎಸ್ ಎಂಬ ಇಂಥ ಚಿಪ್ ವ್ಯವಸ್ಥೆಯಲ್ಲಿ ಕೀಲಿ ಆನ್ ಮಾಡಿದಾಗ ಅದರ ಸೂಚಕ ದೀಪ ಎರಡು ಸೆಕೆಂಡಿನಷ್ಟು ಹೊತ್ತು ಉರಿದು ಆರಬೇಕು. ಆರದೆ ಉಳಿದರೆ ಕೀಲಿ ಗುರುತಾಗಿಲ್ಲ. ಅದೇ ಗೊಂಚಲಿನಲ್ಲಿ ಚಿಪ್ ಇರುವ ಇನ್ನೊಂದು ಕೀಲಿ ಇದ್ದರೆ ಬೇರ್ಪಡಿಸಿ ನೋಡಿ, ಎರಡು ಚಿಪ್‌ಗಳು ಒಟ್ಟಿಗೆ ಉತ್ತರಿಸಿದರೆ ಬೈಕಿಗೆ ಯಾವುದೂ ಅರ್ಥವಾಗುವುದಿಲ್ಲ.

ಹೊಸ ಚಿಪ್ ಕೀಲಿಯನ್ನು ನೋಂದಾಯಿಸಲು ಸಾಮಾನ್ಯವಾಗಿ ಈಗಾಗಲೇ ನೋಂದಾಯಿತವಾದ ಒಂದು ಕೀಲಿ ಬೇಕು. ಕೆಲವು ಯಮಹಾ ಮತ್ತು ಡುಕಾಟಿಗಳಲ್ಲಿ ಆ ಕೆಲಸಕ್ಕೆಂದೇ ಕೆಂಪು ತಲೆಯ ಮಾಸ್ಟರ್ ಕೀಲಿ ಕೊಟ್ಟಿರುತ್ತಾರೆ. ಅದನ್ನು ದಿನಬಳಕೆಗೆ ಹಚ್ಚದೆ ಬೇರೆಯೇ ಇಡಬೇಕು. ಒಂದೂ ಉಳಿಯದಿದ್ದರೆ ಅನೇಕ ಬೈಕುಗಳಲ್ಲಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಅಥವಾ ಚಿಪ್ ಗುರುತಿಸುವ ಇಮೊಬಿಲೈಸರ್ ಘಟಕವನ್ನೇ ಬದಲಿಸಬೇಕಾಗುತ್ತದೆ. ಇಲ್ಲಿ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ, ಆ ಬ್ರ್ಯಾಂಡಿನ ಕೆಲಸ ಬಲ್ಲವರ ಬಳಿಗೇ ಹೋಗಬೇಕು.

ಹೊಸ ಕೀಲಿ ಕೈಗೆ ಬಂದ ಮೇಲೆ

ಹೊಸ ಕೀಲಿಯನ್ನು ಮೊದಲು ಹ್ಯಾಂಡಲ್ ಲಾಕಿನಲ್ಲಿ ಪರೀಕ್ಷಿಸಬೇಡಿ. ಲಾಕ್ ಹಾಕುವಷ್ಟು ತಿರುಗಿ, ತೆಗೆಯುವಾಗ ನಿಂತುಬಿಡುವ ಕೀಲಿಗಳಿವೆ. ಹಾಗಾದರೆ ಬೈಕನ್ನು ಎತ್ತಿಕೊಂಡೇ ಹೋಗಬೇಕು. ಟ್ಯಾಂಕ್ ಮುಚ್ಚಳವನ್ನು ತೆರೆದು ಕೈಯಲ್ಲಿ ಹಿಡಿದು, ಅದರ ಬೀಗವನ್ನು ನಾಲ್ಕಾರು ಬಾರಿ ಆಡಿಸಿ ನೋಡಿ. ಸೀಟನ್ನೂ ತೆರೆದಿಟ್ಟುಕೊಂಡೇ ಪರೀಕ್ಷಿಸಿ. ಆಮೇಲೆ ಇಗ್ನಿಷನ್, ಎರಡು ಬೆರಳಿನ ಬಲಕ್ಕೆ ಆನ್ ಮತ್ತು ಆಫ್ ಆಗಬೇಕು, ಎಂಜಿನ್ ಓಡುವಾಗ ಕೀಲಿ ಹೊರಬರಬಾರದು. ಇಷ್ಟೂ ಸರಿಯಾದ ಮೇಲೆ, ಹಳೆಯ ಕೀಲಿ ಉಳಿದಿದ್ದರೆ ಅದು ಕೈಯಲ್ಲಿರುವಾಗಲೇ ಹ್ಯಾಂಡಲ್ ಲಾಕಿಗೆ ಹಾಕಿ ನೋಡಿ. ಚೆನ್ನಾಗಿ ತಿರುಗುವ ಈ ಕೀಲಿಯನ್ನು ಬಳಕೆಗೆ ಹಾಕದೆ ಎತ್ತಿಟ್ಟು, ಅದರಿಂದ ತೆಗೆದ ನಕಲನ್ನು ಓಡಾಟಕ್ಕೆ ಇಟ್ಟುಕೊಳ್ಳಿ. ಸಂಖ್ಯೆ ಸಿಕ್ಕಿದ್ದರೆ ಅದನ್ನು ಬೈಕಿನಲ್ಲಲ್ಲದೆ ಮನೆಯಲ್ಲಿರುವ ವಾಹನದ ಕಾಗದಗಳ ಜೊತೆ ಬರೆದಿಡಿ.